ಕೈ ತೊಳಕೊಂಡು ಬನ್ನಿ

ನವೆಂಬರ್ ಬಂತೆಂದರೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬ್ಯಾಂಕ್ ಬ್ರಾಂಚಿನಲ್ಲಿ ಜಾತ್ರೆ. ಪೆನ್ಷನ್‌ದವರೆಲ್ಲ 30ರೊಳಗೆ ಬಂದು ತಾವು ಬದುಕಿದ್ದೇವೆಂದು ರುಜುವಾತು ಕೊಡಬೇಕು. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ. ಆ ಅಜ್ಜಿಗೆ 77, ಹಾಗಾಗಿ ಗದ್ದಲದಲ್ಲೇ ನಿಂತಿದ್ದರು.

ಟೋಕನ್ 63. ಊಟದ ಹೊತ್ತು ಮೀರಿತ್ತು, ಸರ್ವರ್ ಎರಡು ಸಲ ಕೈಕೊಟ್ಟಿತ್ತು. "ಆಜಿ, ಅಂಗಠಾ ಲಾವಾ" ಅಂದೆ, ಹೆಬ್ಬೆರಳಿಡಿ ಅಂತ ಮರಾಠಿಯಲ್ಲಿ. "ಯಾವ ಬಟ್ಟ ಇಡಲಿ ತಮ್ಮಾ?" ಅಂದರು, ಕನ್ನಡದಲ್ಲಿ. ಸ್ವಲ್ಪ ಮೊದಲು ಧಾರವಾಡಕ್ಕೆ ಫೋನ್ ಮಾಡಿದ್ದೆ, ಅದು ಕಿವಿಗೆ ಬಿದ್ದಿರಬೇಕು. ಬಲಗೈ ಹೆಬ್ಬೆರಳು ಮ್ಯಾಚ್ ಆಗಲಿಲ್ಲ. ಎಡಗೈಯದೂ ಇಲ್ಲ. ಐದನೇ ಸಲವೂ ಕೆಂಪು ದೀಪವೇ. ಹಿಂದಿನವರು ಗೊಣಗತೊಡಗಿದರು.

"ಕೈ ತೊಳಕೊಂಡು ಬನ್ನಿ ಅಜ್ಜಿ" ಅಂದೆ.

ನಮ್ಮಲ್ಲಿ ಗಿರಾಕಿಗಳಿಗೆ ನಲ್ಲಿ ಇಲ್ಲ. ಮೆಟ್ಟಿಲಿಳಿದು, ರಸ್ತೆ ದಾಟಿ, ವಡಾಪಾವ್ ಗಾಡಿಯವನ ಬಕೆಟ್ಟಿನಲ್ಲಿ ತೊಳೆದುಕೊಂಡು ಬಂದರಂತೆ. ಅಷ್ಟರಲ್ಲಿ ಟೋಕನ್ 71 ಆಗಿತ್ತು. ಮತ್ತೆ ಕೆಂಪು ದೀಪ. "ನಾಳೆ ಬನ್ನಿ" ಅಂದುಬಿಟ್ಟೆ.

ಬರಲಿಲ್ಲ. ಡಿಸೆಂಬರ್ ಪೆನ್ಷನ್ ನಿಂತಿತು. ಜನವರಿಯಲ್ಲಿ ಬಂದು, ಏನೂ ಕೇಳುವ ಮೊದಲೇ ಎರಡೂ ಅಂಗೈ ಗಾಜಿನ ಕಿಂಡಿಯ ಕೆಳಗೆ ಚಾಚಿದರು. "ಈ ಸಲ ಮನಿಯಿಂದನ ಸಬಕಾರ ಹಚ್ಚಿ ತೊಳಕೊಂಡ ಬಂದೀನಿ, ನೋಡಪಾ."

ಆಗ ನೋಡಿದೆ. ಬೆರಳ ತುದಿಗಳು ಸವೆದ ನಾಣ್ಯದ ಹಾಗೆ, ಒಂದು ಗೆರೆಯೂ ಇಲ್ಲ. ನಲವತ್ತು ವರ್ಷ ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿದ ಕೈ. ತಪ್ಪು ತಮ್ಮ ಕೈಯ ಕೊಳೆಯದೆಂದು ಎರಡು ತಿಂಗಳು ನಂಬಿಕೊಂಡಿದ್ದರು. ಹಾಗೆ ನಂಬಿಸಿದವನು ನಾನು.

ಬೆರಳು ಒಪ್ಪದಿದ್ದರೆ 2021ರಿಂದ ಫೋನಿಗೆ ಮುಖ ತೋರಿಸಿದರೂ ನಡೆಯುತ್ತದೆ. ಕಾಗದದ ಫಾರ್ಮಂತೂ ಮೊದಲಿಂದಲೂ ಇದೆ, ಎರಡು ನಿಮಿಷದ ಕೆಲಸ. ಎರಡೂ ನನಗೆ ಗೊತ್ತಿತ್ತು. ನಾನೇನು ಕಟುಕನಲ್ಲ, ರೈಲಿನಲ್ಲಿ ಮುದುಕರಿಗೆ ಸೀಟು ಬಿಡುವವನೇ. ಆದರೆ ಕೌಂಟರ್ ಬಿಟ್ಟ ಮೇಲೆ ಈಕೆ ಎಲ್ಲಿಗೆ ಹೋಗುತ್ತಾರೆ, ನೀರು ಎಲ್ಲಿ ಸಿಗುತ್ತದೆ, ನನ್ನ ಮಾತನ್ನು ಮನೆಗೆ ಹೊತ್ತುಕೊಂಡು ಹೋಗಿ ಏನೆಂದುಕೊಳ್ಳುತ್ತಾರೆ ಅನ್ನುವುದನ್ನು ಕಣ್ಣಮುಂದೆ ತಂದುಕೊಳ್ಳಲಿಲ್ಲ. ದಯೆ ಇತ್ತು, ಕಲ್ಪನೆ ಇರಲಿಲ್ಲ. "ಗ್ರಾಹಕರ ಜಾಗದಲ್ಲಿ ನಿಂತು ನೋಡಿ" ಎಂಬ ಸ್ಲೈಡಿಗೆ ಟ್ರೇನಿಂಗಿನಲ್ಲಿ ಚಪ್ಪಾಳೆಯನ್ನೂ ತಟ್ಟಿದ್ದೆ.

ಅವತ್ತೇ ಫಾರ್ಮ್ ತುಂಬಿದೆ. ಬಾಕಿಯೂ ಸೇರಿ ಜಮಾ ಆಯಿತು. ಈಗ ಡ್ರಾಯರಿನಲ್ಲಿ ಫಾರ್ಮಿನ ಕಟ್ಟು ಇಟ್ಟಿದ್ದೇನೆ, ಮೂರನೇ ಕೆಂಪು ದೀಪಕ್ಕೆ ಒಂದು ಹೊರಗೆ ಬರುತ್ತದೆ. ಡಿಎಲ್‌ಸಿ, ಅಂದರೆ ಕಾಗದವಿಲ್ಲದ ಡಿಜಿಟಲ್ ಜೀವನ ಪ್ರಮಾಣಪತ್ರದ ಪರ್ಸೆಂಟೇಜ್ ಯಾಕೆ ಇಳಿದಿದೆ ಎಂದು ರೀಜನಲ್ ಆಫೀಸಿನಿಂದ ಮೇಲ್ ಬಂದಿದೆಯಂತೆ. ಉತ್ತರ ಬರೆಯೋದು ಮ್ಯಾನೇಜರ್ ಸಾಹೇಬರ ಪಾಡು.