ಗೇರು ಹಣ್ಣಿನ ವಾಸನೆ ಹಿಡಿದು ಹೋದ ದಿನ

2020ರ ಏಪ್ರಿಲ್, ಲಾಕ್‌ಡೌನ್ ಕಾಲ. ರಾಜ್ಯದಲ್ಲಿ ವೈನ್‌ಶಾಪ್‌ಗಳೆಲ್ಲ ಬಂದ್, ಅವು ತೆರೆದದ್ದು ಮೇ 4ಕ್ಕೆ. ನಾನಾಗ ಕಾರವಾರದ ಕಡೆ ಅಬಕಾರಿಯಲ್ಲಿದ್ದೆ. ಬೇರೆ ದಿನಗಳಲ್ಲಾದರೆ ನಮಗೆ ಗೋವಾ ಮಾಲು ಹಿಡಿಯುವುದೇ ಕೆಲಸ. ಅಲ್ಲಿ ತೆರಿಗೆ ಕಡಿಮೆ, ಬಾಟಲಿ ಅಗ್ಗ, ಹಾಗಾಗಿ ಗೋವಾ ಗಡಿಯ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಬಸ್ಸಿನ ಸೀಟಿನಡಿ ಬಗ್ಗಿ ನೋಡುವುದು, ಮೀನಿನ ಬಾಕ್ಸಿನ ಐಸ್ ಒಳಗೆ ಕೈ ಹಾಕಿ ಬೆರಳು ಮರಗಟ್ಟಿಸಿಕೊಳ್ಳುವುದು. ಗಡಿ ಮುಚ್ಚಿದ ಮೇಲೆ ಅದೆಲ್ಲ ನಿಂತಿತು. ಕುಡಿಯುವವರು ನಿಲ್ಲಬೇಕಲ್ವಾ? ಅದರ ಮೇಲೆ ಗೇರು ಹಣ್ಣಿನ ಸೀಸನ್ ಬೇರೆ.

ಕಳ್ಳಭಟ್ಟಿ ಇದೆ ಅಂತ ಮಾಹಿತಿ ಬಂದು ನಾವು ನಾಲ್ಕು ಜನ ಹೊರಟೆವು. ರಸ್ತೆ ಮುಗಿದಲ್ಲಿ ಜೀಪು ಬಿಟ್ಟು ಗುಡ್ಡ ಹತ್ತಿದೆವು. ಮೊಬೈಲ್ ಸಿಗ್ನಲ್ ಒಂದು ಕಡ್ಡಿಯೂ ಇಲ್ಲದ ಊರು ಅದು, ಆದರೂ ನಾವು ಬರುವ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ಗಂಡಸರು ಒಬ್ಬರೂ ಇಲ್ಲ. ಕೊನೆಗೆ ದಾರಿ ತೋರಿಸಿದ್ದು ವಾಸನೆ. ಹಳ್ಳದ ಪಕ್ಕ ಒಣ ಎಲೆಯ ದರಕು ಸರಿಸಿದರೆ ಎರಡು ನೀಲಿ ಡ್ರಮ್ಮು, ಅದರ ತುಂಬ ಗೇರು ಹಣ್ಣಿನ ಕೊಳೆ, ಅಂದರೆ ಭಟ್ಟಿ ಇಳಿಸಲು ಹುಳಿಯಲು ಬಿಟ್ಟ ರಸ. ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಬೆಲೆ ಬಾಳುವ ತಾಮ್ರದ ಹಂಡೆಯನ್ನು ಮಾತ್ರ ಹೊತ್ತುಕೊಂಡು ಓಡಿದ್ದರು.

ಸ್ಯಾಂಪಲ್ ತೆಗೆದು ಸೀಲ್ ಹಾಕಿದೆವು. ಆದರೆ ಪಂಚನಾಮೆಗೆ ಸಹಿ ಹಾಕಲು ಜನ ಬೇಕಲ್ಲ. ಊರಲ್ಲಿ ಎಲ್ಲರೂ ಒಂದೋ ನೆಂಟರು, ಇಲ್ಲ ಗಿರಾಕಿಗಳು. ಅಷ್ಟರಲ್ಲಿ ಒಬ್ಬಳು ಅಜ್ಜಿ ಬಂದಳು.

"ತಮಾ, ಹಳ್ಳಕ್ಕೆ ಚೆಲ್ಲಬೇಡ ಮಾರಾಯ, ಕೆಳಗೆ ದನ ನೀರು ಕುಡೀತವೆ. ಅಲ್ಲಾ, ಗೋವಾದಲ್ಲಿ ಇದನ್ನೇ ಅಂಗಡೀಲಿಟ್ಟು ಮಾರ್ತಾರಲ್ಲ?"

ಸುಳ್ಳೇನಲ್ಲ. ಗೇರು ಹಣ್ಣಿನಿಂದ ಇಳಿಸುವ ಗೋವಾದ ಮದ್ಯ ಫೆನಿಗೆ 2009ರಲ್ಲೇ ಆ ನಾಡಿನದೇ ವಿಶೇಷ ಅನ್ನುವ ಜಿಐ ಟ್ಯಾಗ್ ಸಿಕ್ಕಿದೆ. ಅದೇ ಹಣ್ಣಿನ ರಸ ಮಾಜಾಳಿಯ ಈಚೆ ಕುದಿಸಿದರೆ 1965ರ ಅಬಕಾರಿ ಕಾಯ್ದೆಯಲ್ಲಿ ಕೇಸು. 2007ರ ಜುಲೈ 1ರಿಂದ ನಮ್ಮಲ್ಲಿ ಲೈಸೆನ್ಸಿನ ಸಾರಾಯಿಯೂ ಇಲ್ಲ. ನಾನು ನನಗೆ ಗೊತ್ತಿದ್ದ ಉತ್ತರ ಕೊಟ್ಟೆ. "ಅಜ್ಜಿ, ಇದಕ್ಕೆ ಏನೇನು ಹಾಕಿರ್ತಾರೋ ಯಾರಿಗೆ ಗೊತ್ತು? ನವಸಾಗರದಂಥ ರಾಸಾಯನಿಕ ಹಾಕ್ತಾರೆ, ಕುಡಿದವರು ಸಾಯ್ತಾರೆ."

ಅಜ್ಜಿಗೆ ಸಿಟ್ಟು ಬಂತು. "ನಮ್ದ್ರಲ್ಲಿ ಹಣ್ಣು ಬಿಟ್ರೆ ಎಂತದೂ ಇಲ್ಲ!"

ಎಲ್ಲರೂ ಸುಮ್ಮನಾದೆವು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮ ಸಾಹೇಬರು ಮರದ ಮೇಲೆ ಏನೋ ಹಕ್ಕಿ ಕಂಡವರಂತೆ ಮೇಲೆ ನೋಡತೊಡಗಿದರು. ಆಮೇಲೆ ಒಂದು ಮಾತೂ ಆಡದೆ ಕೊಳೆಯನ್ನು ಹಳ್ಳದಿಂದ ದೂರ ಒಯ್ದು ಗುಂಡಿಗೆ ಸುರಿಸಿದರು. ಪಂಚನಾಮೆಯಲ್ಲಿ ವಾರಸುದಾರರು ಪತ್ತೆಯಿಲ್ಲ ಅಂತ ಬರೆದೆ. ತಪ್ಪೋ ಸರಿಯೋ, ಅವತ್ತು ಕೈ ಅದನ್ನೇ ಬರೆಯಿತು.

ಮನೆ ಮುಟ್ಟುವಾಗ ಕತ್ತಲು. ಕೊರೊನಾ ಭಯಕ್ಕೆ ಸೀದಾ ಹಿತ್ತಿಲಿಗೆ ಹೋಗಿ ಸ್ನಾನ. ತಿಂಗಳಿಂದ ಒಂದು ಹನಿಯೂ ಕಾಣದ ಅಪ್ಪ ಬಚ್ಚಲ ಬಾಗಿಲಿಗೆ ಬಂದು, ನನ್ನ ಯೂನಿಫಾರ್ಮ್ ಎತ್ತಿ ಮೂಸಿ ನೋಡಿದ.

"ಗೇರಿಂದು ಅಲ್ವನಾ? ಎಲ್ಲಾ ಚೆಲ್ಲಿದ್ಯಾ?"