ಐಂಡ್‌ಹೋವೆನ್‌ನಲ್ಲಿ ಎದ್ದು ಬೀಳುವ ಆಟಗಾರರು

ಆಮ್‌ಸ್ಟರ್‌ಡ್ಯಾಮ್‌ನಿಂದ ಐಂಡ್‌ಹೋವೆನ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೂ ಹಿಡಿಯುವುದಿಲ್ಲ. ಫಿಲಿಪ್ಸ್ ಕಂಪನಿಯಿಂದ ಬೆಳೆದ ಆ ಊರಿನಲ್ಲಿ ಫುಟ್‌ಬಾಲ್ ಎಂದರೆ ಪಿಎಸ್‌ವಿ ತಂಡದ ಕ್ರೀಡಾಂಗಣ. ಆದರೆ 2024ರ ಜುಲೈನಲ್ಲಿ ನಾನು ಹೋದದ್ದು ಊರಿನ ದಕ್ಷಿಣಕ್ಕಿರುವ ಗೆನ್ನೆಪರ್ ಪಾರ್ಕೆನ್‌ಗೆ, ರೋಬೊಗಳು ಫುಟ್‌ಬಾಲ್ ಆಡುವ ಅಂತರರಾಷ್ಟ್ರೀಯ ಸ್ಪರ್ಧೆ ರೋಬೊಕಪ್ ನೋಡಲು.

ಹಸಿರು ಹಾಸಿನ ಮೇಲೆ ಎರಡು ಅಡಿ ಎತ್ತರವನ್ನೂ ಮುಟ್ಟದ, ನಾವೊ ಎಂಬ ಮನುಷ್ಯಾಕಾರದ ರೋಬೊಗಳು ಪುಟ್ಟ ಹೆಜ್ಜೆ ಇಡುತ್ತಿದ್ದವು. ಆಟ ಶುರುವಾದ ಮೇಲೆ ಹೊರಗಿನಿಂದ ಯಾರೂ ಅವುಗಳನ್ನು ನಡೆಸುವಂತಿಲ್ಲ. ಸೀಟಿಯ ಸದ್ದು ಕೇಳಿಸಿಕೊಳ್ಳುವುದೂ ಅವುಗಳದೇ ಕೆಲಸ. ಒಂದು ಮುಗ್ಗರಿಸಿ ಬಿದ್ದು, ಕೈಯೂರಿ ತಾನಾಗಿ ಎದ್ದಿತು. ಗೋಲಿಗಿಂತ ಜೋರಾದ ಚಪ್ಪಾಳೆ ಬಿದ್ದದ್ದು ಆಗಲೇ.

ಮೊದಲ ರೋಬೊಕಪ್ ನಡೆದದ್ದು 1997ರಲ್ಲಿ, ಜಪಾನಿನ ನಗೋಯಾದಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಚದುರಂಗದ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್‌ರನ್ನು ಸೋಲಿಸಿತ್ತು. ಚದುರಂಗದಲ್ಲಿ ಕಾಯಿಗಳು ಇಟ್ಟಲ್ಲೇ ಇರುತ್ತವೆ, ಮಣೆಯೆಲ್ಲ ಕಣ್ಣೆದುರಿಗಿರುತ್ತದೆ, ಸರದಿ ಬರುವವರೆಗೆ ಯೋಚಿಸಬಹುದು. ಇಲ್ಲಿ ಚೆಂಡು ಯಾರಿಗೂ ಕಾಯುವುದಿಲ್ಲ, ಎದುರಾಳಿ ಅಡ್ಡ ನಿಂತರೆ ಅದು ಕಾಣುವುದೂ ಇಲ್ಲ. 2050ರೊಳಗೆ ವಿಶ್ವಕಪ್ ಗೆದ್ದ ಮನುಷ್ಯರ ತಂಡವನ್ನು ಮನುಷ್ಯಾಕಾರದ ರೋಬೊಗಳು ಸೋಲಿಸಬೇಕೆಂಬುದು ರೋಬೊಕಪ್‌ನ ಗುರಿ. ಅಂದು ಕಂಡ ನಡಿಗೆಯನ್ನು ನೆನೆದರೆ ನನಗೆ ನಂಬಿಕೆ ಬರುವುದಿಲ್ಲ, ಆದರೆ ಗುರಿಗಿಂತ ದಾರಿಯೇ ಇಲ್ಲಿ ಹೆಚ್ಚು ಫಲ ಕೊಟ್ಟಿದೆ. ಕಾರ್ನೆಲ್ ವಿಶ್ವವಿದ್ಯಾಲಯದ ತಂಡವನ್ನು ಕಟ್ಟಿ ಚಿಕ್ಕ ರೋಬೊಗಳ ವಿಭಾಗದಲ್ಲಿ ಗೆಲ್ಲಿಸಿದ ರಫೆಲೊ ಡಿ'ಆಂಡ್ರಿಯಾ ಮುಂದೆ ಸಹಸ್ಥಾಪಕರಾದ ಕಿವಾ ಕಂಪನಿಯ ಗೋದಾಮು ರೋಬೊಗಳಿಗಾಗಿಯೇ ಅಮೆಜಾನ್ 2012ರಲ್ಲಿ 77.5 ಕೋಟಿ ಡಾಲರ್ ತೆತ್ತಿತು.

ಸಂಘಟಕರ ಜಾಣತನವೆಂದರೆ, ಒಂದು ಸಮಸ್ಯೆ ಬಗೆಹರಿಯಿತೆನ್ನುವಷ್ಟರಲ್ಲಿ ನಿಯಮವನ್ನು ಬಿಗಿಗೊಳಿಸುವುದು. ನಾವೊಗಳ ವಿಭಾಗದಲ್ಲಿ ಮೊದಲು ಕಿತ್ತಳೆ ಬಣ್ಣದ ಚೆಂಡಿತ್ತು. 2016ರಲ್ಲಿ ಕಪ್ಪು ಬಿಳುಪಿನದು ಬಂದಾಗ, ಬಣ್ಣವನ್ನೇ ನೆಚ್ಚಿದ್ದ ಪ್ರೋಗ್ರಾಮುಗಳು ಕೆಲಸಕ್ಕೆ ಬಾರದಾದವು, ಚಿತ್ರಗಳನ್ನು ತೋರಿಸಿ ಕಲಿಸುವ ನರಜಾಲಗಳು ಆ ಜಾಗಕ್ಕೆ ಬಂದವು. ಹಲವು ಬಾರಿ ಗೆದ್ದಿರುವ ಬ್ರೆಮೆನ್‌ನ ಬಿ-ಹ್ಯೂಮನ್ ತಂಡ ಸ್ಪರ್ಧೆಯ ನಂತರ ತನ್ನ ಕೋಡನ್ನು ಎಲ್ಲರಿಗೂ ತೆರೆದಿಡುತ್ತದೆ. ಗೆದ್ದ ಗುಟ್ಟನ್ನು ಹೀಗೆ ಎದುರಾಳಿಗಳ ಕೈಗಿಡುವ ಆಟ ಬೇರೊಂದನ್ನು ನಾನು ಕಂಡಿಲ್ಲ.

ಸಂಜೆ, ಸೋತ ತಂಡವೊಂದರ ಮೇಜಿನ ಬಳಿ ನಿಂತೆ. ಅವರ ರೋಬೊ ಚೆಂಡನ್ನು ಬಿಟ್ಟು ಬೇರೆಡೆಗೆ ಏಕೆ ನಡೆಯಿತೆಂದು ಕೇಳಿದಾಗ ವಿದ್ಯಾರ್ಥಿನಿಯೊಬ್ಬಳು ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದಳು: ಬಿದ್ದಿದ್ದ ಜೊತೆಗಾರನ ಬಿಳಿ ಪಾದವನ್ನು ಅದು ಚೆಂಡೆಂದು ತಿಳಿದಿತ್ತು. ಅಂಥ ಚಿತ್ರಗಳನ್ನು ಒಂದೊಂದಾಗಿ ತೆರೆದು, ಅವಳು 'ಚೆಂಡಲ್ಲ' ಎಂದು ಗುರುತು ಹಾಕುತ್ತಿದ್ದಳು.