ಮುರಿದ ಸೈಡ್ ಪ್ಯಾನೆಲ್, ಅಮ್ಮನ ಟೀ ಜರಡಿ

19 ಆಗಸ್ಟ್ 2025, ಮಂಗಳವಾರ ರಾತ್ರಿ
ಶ್ರೀನಗರ, ಬೆಂಗಳೂರು

ಬೈಕಿನ ಎಡಗಡೆಯ ಸೈಡ್ ಪ್ಯಾನೆಲ್, ಅಂದರೆ ಸೀಟಿನ ಕೆಳಗೆ ಪಕ್ಕದಲ್ಲಿರುವ ಪ್ಲಾಸ್ಟಿಕ್ ಮುಚ್ಚಳ, ಇವತ್ತು ಸಂಜೆ ಮತ್ತೆ ತನ್ನ ಜಾಗದಲ್ಲಿ ಕೂತಿತು. ಶುಕ್ರವಾರದಿಂದ ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಸ್ವಾತಂತ್ರ್ಯ ದಿನ, ಕೃಷ್ಣಾಷ್ಟಮಿ, ಭಾನುವಾರ ಅಂತ ಒಟ್ಟಿಗೆ ಮೂರು ದಿನ ರಜೆ ಸಿಕ್ಕಿತ್ತು. ಅಷ್ಟೂ ದಿನ ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಅದರ ಮುಂದೆಯೇ ಕೂತಿದ್ದೆ.

ಬೈಕು ಅಣ್ಣನದು. ಮೊದಲ ಕೆಲಸ ಸಿಕ್ಕಾಗ ಕೊಂಡಿದ್ದು, 2011ರದು. ಅವನು ಹುಬ್ಬಳ್ಳಿಗೆ ಹೋಗುವಾಗ ಕೀಲಿಕೈ ನನ್ನ ಕೈಗಿಟ್ಟ. ಹಾಗಾಗಿ ಅದರ ಮೇಲೆ ಒಂದು ಗೀರು ಬಿದ್ದರೂ ನನಗೆ ಸಂಕಟ. ಹೋದ ತಿಂಗಳು ವಾಟರ್ ವಾಷ್‌ಗೆ ಕೊಟ್ಟಿದ್ದೆ. ಅಲ್ಲಿಯ ಹುಡುಗ ಪ್ಯಾನೆಲನ್ನು ಹಿಡಿದು ಓರೆಯಾಗಿ ಎಳೆದ. ಪಟ್ ಅಂತ ಅದರ ಹಿಂಭಾಗದ ಗೂಟದಂಥ ಒಂದು ಲಾಕ್ ಮುರಿಯಿತು. ಬೋಲ್ಟಿನ ತೂತಿನಿಂದ ಒಂದು ಗೇಣು ಉದ್ದದ ಬಿರುಕು ಬಿಟ್ಟಿತು. ಅವನ ಮೇಲೆ ರೇಗುವುದಕ್ಕೂ ಮನಸ್ಸಾಗಲಿಲ್ಲ. ಪ್ಯಾನೆಲಿನ ಲಾಕ್ ರಬ್ಬರಿನೊಳಗೆ ನೇರವಾಗಿ ಕೂತಿರುತ್ತದೆ. ಅದನ್ನು ನೇರವಾಗಿಯೇ ಹೊರಗೆ ಎಳೆಯಬೇಕು. ರಬ್ಬರ್ ಒಣಗಿದ್ದರೆ ಎರಡು ಹನಿ ಸೋಪಿನ ನೀರು ಬಿಡಬೇಕು. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ ಅಷ್ಟೇ.

ಅವತ್ತೇ ಅಂಗಡಿಯಿಂದ ಐದು ರೂಪಾಯಿಯ ಅಂಟು ತಂದು ಹಾಕಿದ್ದೆ. ಮೂರು ವಾರ ನಿಂತಿತು. ಆ ಅಂಟು ಗಟ್ಟಿಯಾದ ಮೇಲೆ ಗಾಜಿನ ಹಾಗೆ, ಬಗ್ಗುವುದಿಲ್ಲ. ಪ್ಯಾನೆಲ್ ಮಾತ್ರ ಎಂಜಿನ್ನಿನ ನಡುಕಕ್ಕೆ ಇಡೀ ದಿನ ಬಗ್ಗುತ್ತಲೇ ಇರುತ್ತದೆ. ಮಾರ್ಕೆಟ್ ಫ್ಲೈಓವರಿನ ಒಂದೊಂದು ಜಾಯಿಂಟ್ ದಾಟುವಾಗಲೂ ಟಕ್ ಅನ್ನುತ್ತಿತ್ತು. ಒಂದು ದಿನ ಬಿರುಕು ಪೂರ್ತಿ ಬಾಯಿಬಿಟ್ಟಿತು.

ಶುಕ್ರವಾರ ಬಿಚ್ಚಿ, ತೊಳೆದು, ಬೆನ್ನು ತಿರುಗಿಸಿ ನೋಡಿದೆ. ಮೊದಲು ನೋಡಬೇಕಾದ್ದು ಅಲ್ಲೇ. ಪ್ಲಾಸ್ಟಿಕ್ ಯಾವುದು ಅಂತ ಹಿಂಭಾಗದಲ್ಲಿ ಎರಡು ಬಾಣದ ತುದಿಗಳ ನಡುವೆ ಅಚ್ಚು ಹಾಕಿರುತ್ತಾರೆ. ಐಎಸ್ಒ 11469 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇರುವುದು ಇದಕ್ಕೇ. ನನ್ನದರಲ್ಲಿ ಎಬಿಎಸ್ ಅಂತಿತ್ತು (ಬ್ರೇಕಿನ ಎಬಿಎಸ್ ಅಲ್ಲ, ಇದು ಒಂದು ಜಾತಿಯ ಪ್ಲಾಸ್ಟಿಕ್). ಮಣ್ಣು ಹಾರದಂತೆ ಒಳಗಿರುವ ಮಡ್‌ಗಾರ್ಡ್ ತುಂಡಿನ ಮೇಲೆ ಪಿಪಿ, ಅಂದರೆ ಪಾಲಿಪ್ರೊಪಿಲೀನ್, ಅಂತಿತ್ತು. ಒಂದೇ ಬೈಕಿನಲ್ಲಿ ಎರಡು ಜಾತಿ, ಎರಡರ ಸ್ವಭಾವವೂ ಬೇರೆ ಬೇರೆ. ಅಚ್ಚು ಅಳಿಸಿಹೋಗಿದ್ದರೆ ಸಣ್ಣ ಚೂರು ಕೆತ್ತಿ ನೀರಿಗೆ ಹಾಕಿ ನೋಡಿ. ಪಿಪಿ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಅಸಿಟೋನ್ ಅನ್ನುವ ದ್ರಾವಕ ಒಂದು ಹನಿ ಬಿಟ್ಟರೆ ಎಬಿಎಸ್ ಕರಗಿ ಕೈಗೆ ಅಂಟುತ್ತದೆ. ಪಿಪಿಗೆ ಏನೂ ಆಗುವುದಿಲ್ಲ, ಸಾಮಾನ್ಯ ಅಂಟೂ ಅದಕ್ಕೆ ಹಿಡಿಯುವುದಿಲ್ಲ. ಪಿಪಿಯನ್ನು ಪಿಪಿ ಕಡ್ಡಿ ಇಟ್ಟು ಕಾಸಿಯೇ ಬೆಸೆಯಬೇಕು.

ಇದನ್ನು ಅಮ್ಮನಿಗೆ ಹೇಳುತ್ತಿದ್ದಾಗ ಅವರಿಗೆ ಹಳೆಯದೊಂದು ನೆನಪಾಯಿತು. "ಮುಂಚೆ ಬೀದೀಲಿ ಬಕೆಟ್ಟು, ಬಿಂದಿಗೆಗೆ ಬೆಸುಗೆ ಹಾಕೋರು ಬರ್ತಿದ್ರು ಕಣೋ. ಕಬ್ಬಿಣದ ಪಟ್ಟಿ ಕಾಸಿ, ಅದೇ ಬಣ್ಣದ ಹಳೇ ಬಕೆಟ್ ಚೂರು ಇಟ್ಟು ಎಳೀತಿದ್ರು," ಅಂದರು. ನನಗೂ ಮಸುಕಾಗಿ ನೆನಪಿದೆ. ಅದೇ ಜಾತಿಯ ಪ್ಲಾಸ್ಟಿಕ್ಕನ್ನೇ ತುಂಬಬೇಕು ಅನ್ನುವುದು ಆ ಬೆಸುಗೆಯವರಿಗೆ ಅಚ್ಚು ಓದದೆಯೇ ಗೊತ್ತಿತ್ತಲ್ವಾ. ಎಷ್ಟು ದೊಡ್ಡ ವಿದ್ಯೆ ಅದು.

ಶನಿವಾರ ಬೆಳಗ್ಗೆ ಸಾಮಾನು ತರಲು ಹೊರಟೆ. ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ, ಆ ಕಡೆಯ ರಸ್ತೆಯೆಲ್ಲ ಜನ. ಜೆ.ಸಿ. ರಸ್ತೆಯಲ್ಲಿ ಹೊಸ ಪ್ಯಾನೆಲ್ ಕೇಳಿದೆ. ಬಣ್ಣ ಬಳಿಯದ ಕಪ್ಪು ಡೂಪ್ಲಿಕೇಟ್ ಒಂದು ಸಿಕ್ಕಿತು. ಹಳೆಯದರ ಮೇಲಿಟ್ಟು ನೋಡಿದರೆ ತೂತು ತೂತಿಗೆ ಕೂರಲಿಲ್ಲ. ಬೋಲ್ಟಿಗೆ ಬೇಕಾದ ರಬ್ಬರ್ ಮತ್ತು ಬುಷ್ (ಬೋಲ್ಟಿನ ಸುತ್ತ ಕೂರುವ ಸಣ್ಣ ಕೊಳವೆ) ನಾಲ್ಕು ಜೊತೆ ಮಾತ್ರ ತಗೊಂಡೆ. ಎಸ್.ಪಿ. ರಸ್ತೆಯಲ್ಲಿ 60 ವ್ಯಾಟಿನ ಸಾಲ್ಡರಿಂಗ್ ಐರನ್ (ತುದಿ ಕಾಯುವ ಬೆಸುಗೆ ಕಡ್ಡಿ), ಒಂದು ಕೆಮಿಕಲ್ ಅಂಗಡಿಯಲ್ಲಿ ಅರ್ಧ ಲೀಟರ್ ಅಸಿಟೋನ್. ನೇಲ್ ಪಾಲಿಶ್ ತೆಗೆಯುವ ದ್ರವ ಸಾಕು ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ನೀರು, ಎಣ್ಣೆ ಬೆರೆತಿರುತ್ತದೆ, ಬೇಡ.

ಅಲ್ಲಿಂದ ಶಿವಾಜಿನಗರದ ಗುಜರಿಗೆ. ಪ್ಯಾನೆಲ್ ರಾಶಿಯಲ್ಲಿ ಒಂದು ಗಂಟೆ ಹುಡುಕಿದೆ. ನಮ್ಮದೇ ನೀಲಿ ಬಣ್ಣದ, ಎಬಿಎಸ್ ಅಚ್ಚಿರುವ ಒಂದು ಹಿಂಭಾಗದ ತುಂಡು ಸಿಕ್ಕಿತು.

"ಅದು ಮುರಿದಿರೋದಣ್ಣ, ಒಳ್ಳೇದು ಒಳಗಿದೆ," ಅಂದರು ಅಂಗಡಿಯವರು.

"ಮುರಿದಿರೋದೇ ಬೇಕು ಅಣ್ಣ. ಚೂರು ಮಾಡ್ಕೋಬೇಕು."

ನನ್ನ ಪ್ಯಾನೆಲಿನ ಫೋಟೊ ತೋರಿಸಿದೆ. ಅವರು ಬೆರಳಿನಿಂದ ದೊಡ್ಡದು ಮಾಡಿ ನೋಡಿ, ಬೋಲ್ಟಿನ ತೂತಿನ ಮೇಲೆ ಬೆರಳಿಟ್ಟರು. "ಇಲ್ಲಿ ಬುಷ್ ಇರಲಿಲ್ಲ ಅಲ್ವಾ? ಅದಕ್ಕೇ ಹೋಗಿದೆ." 80 ರೂಪಾಯಿ ತಗೊಂಡರು.

ಅವರು ಹೇಳಿದ್ದು ಸರಿ. ಪ್ಯಾನೆಲಿನ ತೂತಿನಲ್ಲಿ ರಬ್ಬರ್, ರಬ್ಬರಿನೊಳಗೆ ಸಣ್ಣ ಕಬ್ಬಿಣದ ಬುಷ್ ಇರಬೇಕು. ಬೋಲ್ಟ್ ಎಷ್ಟು ಬಿಗಿದರೂ ಭಾರ ಬುಷ್ ಮೇಲೆ ಬೀಳುತ್ತದೆ, ಪ್ಲಾಸ್ಟಿಕ್ ಸಡಿಲವಾಗಿ ಉಸಿರಾಡುತ್ತದೆ. ಯಾವುದೋ ಸರ್ವೀಸಿನಲ್ಲಿ ಆ ಬುಷ್ ಕಳೆದುಹೋಗಿದೆ. ಆಮೇಲೆ ಪ್ರತಿ ಸಲ ಬಿಗಿದಾಗಲೂ ಪ್ಲಾಸ್ಟಿಕ್ಕೇ ನಜ್ಜಾಗಿದೆ. ವಾಷಿಂಗ್ ಹುಡುಗ ಎಳೆಯುವ ಮುಂಚೆಯೇ ಬಿರುಕು ಶುರುವಾಗಿತ್ತು. ಪಾಪ, ಅವನ ಕೈಯಲ್ಲಿ ಪೂರ್ತಿಯಾಯಿತು ಅಷ್ಟೇ.

ಮಧ್ಯಾಹ್ನ ಕೆಲಸ ಶುರು. ಹಳೆಯ ಅಂಟನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದೆ, ಅದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಬಿರುಕಿನ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿ 2 ಮಿ.ಮೀ. ತೂತು ಹೊಡೆದೆ. ಬಿರುಕಿನ ತುದಿ ಸೂಜಿಯಷ್ಟು ಚೂಪು, ಎಳೆತವೆಲ್ಲ ಅಲ್ಲೇ ಸೇರುತ್ತದೆ. ದುಂಡನೆಯ ತೂತು ಸಿಕ್ಕರೆ ಆ ಎಳೆತ ಸುತ್ತಲೂ ಹರಡಿ ಬಿರುಕು ನಿಲ್ಲುತ್ತದೆ. ಆಮೇಲೆ ಹಿಂಭಾಗದಲ್ಲಿ ಬಿರುಕಿನುದ್ದಕ್ಕೂ ಇಳಿಜಾರಾಗಿ ಒಂದು ಕಾಲುವೆ ಕೆತ್ತಿದೆ, ಅರ್ಧ ದಪ್ಪದಷ್ಟು ಆಳ.

ಬೆಸುಗೆಗೆ ಸ್ಟೀಲ್ ಬಲೆ ಬೇಕಿತ್ತು, ತರಲು ಮರೆತಿದ್ದೆ. ಅಮ್ಮ ಹಿಡಿ ಮುರಿದ ಟೀ ಜರಡಿ ಕೊಟ್ಟರು. ಅದರ ಬಲೆಯನ್ನು ಒಂದು ಬೆರಳಗಲ ಪಟ್ಟಿಗಳಾಗಿ ಕತ್ತರಿಸಿದೆ. ಪಟ್ಟಿಯನ್ನು ಬಿರುಕಿನ ಮೇಲಿಟ್ಟು ಐರನ್ನಿನಿಂದ ಮೆಲ್ಲಗೆ ಒತ್ತಿದರೆ ಪ್ಲಾಸ್ಟಿಕ್ ಬೆಣ್ಣೆಯ ಹಾಗೆ ಮೆತ್ತಗಾಗಿ ಬಲೆಯ ಕಣ್ಣುಗಳಿಂದ ಮೇಲೆ ಬರುತ್ತದೆ. ಬಲೆ ಮುಳುಗುತ್ತದೆ. ಅದರ ಮೇಲೆ ಗುಜರಿ ಚೂರನ್ನು ಕರಗಿಸಿ ಮುಚ್ಚಬೇಕು. ಅವಸರ ಮಾಡಬಾರದು. ಹೊಗೆ ಎದ್ದು ಗುಳ್ಳೆ ಬಂದರೆ ಪ್ಲಾಸ್ಟಿಕ್ ಸುಟ್ಟಿತು ಅಂತಲೇ ಅರ್ಥ, ಸುಟ್ಟದ್ದಕ್ಕೆ ಶಕ್ತಿ ಇರುವುದಿಲ್ಲ. ಎಬಿಎಸ್ ಕಾದಾಗ ಬರುವ ಹೊಗೆ ಒಳ್ಳೆಯದಲ್ಲ. ಬಾಗಿಲು ತೆಗೆದು, ಟೇಬಲ್ ಫ್ಯಾನ್ ಹಿಂದಿನಿಂದ ಇಟ್ಟು, ಮಾಸ್ಕ್ ಹಾಕಿಕೊಂಡೇ ಮಾಡಿದೆ.

ಮುರಿದ ಲಾಕ್ ಕಷ್ಟ ಕೊಟ್ಟಿತು. ಬೆರಳು ಗಾತ್ರದ ಗೂಟ, ಸುಮ್ನೆ ಅಂಟಿಸಿದರೆ ನಿಲ್ಲುವುದಿಲ್ಲ. ಗೂಟಕ್ಕೂ ಬುಡಕ್ಕೂ ಸಣ್ಣ ತೂತು ಕೊರೆದು ಒಳಗೆ ಸ್ಟೀಲ್ ತಂತಿ ತೂರಿಸಿದೆ, ಸುತ್ತ ಕರಗಿಸಿ ಬೆಸೆದೆ. ಮೂರನೇ ಸಲಕ್ಕೆ ನೆಟ್ಟಗೆ ನಿಂತಿತು. ಆಗಲೇ ರಾತ್ರಿ ಎಂಟಾಗಿತ್ತು.

ಐರನ್ ಪೂರ್ತಿ ತಣ್ಣಗಾಗಿ ಒಳಗಿಟ್ಟ ಮೇಲೆಯೇ ಅಸಿಟೋನ್ ಬಾಟಲಿ ಹೊರಗೆ ತೆಗೆದೆ. ಅದರ ಆವಿಗೆ ಬೆಂಕಿ ಬಲು ಬೇಗ ಹಿಡಿಯುತ್ತದೆ, ಎರಡೂ ಕೆಲಸ ಒಟ್ಟಿಗೆ ಮಾಡಲೇಬಾರದು. ಗುಜರಿ ತುಂಡಿನ ಬಣ್ಣ ಉಜ್ಜಿ ತೆಗೆದು, ಚೂರು ಮಾಡಿ, ಗಾಜಿನ ಜಾಡಿಯಲ್ಲಿ ಅಸಿಟೋನ್ ಹಾಕಿ ನೆನೆಸಿದೆ. ಭಾನುವಾರ ಬೆಳಗ್ಗೆ ನೋಡಿದರೆ ದೋಸೆ ಹಿಟ್ಟಿನ ಹದ. ಮುಂಭಾಗದಲ್ಲಿ ಉಳಿದಿದ್ದ ಸಂದಿಗೆ ಅದನ್ನು ತೆಳುವಾಗಿ ಸವರಿದೆ. ಆರಿದಾಗ ಕುಗ್ಗುತ್ತದೆ, ಹಾಗಾಗಿ ಮತ್ತೊಂದು ಪದರ, ಸಂಜೆಗೆ ಇನ್ನೊಂದು. ದಪ್ಪಗೆ ಒಂದೇ ಸಲ ಹಾಕಿದರೆ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

ಎರಡು ದಿನ ಅದನ್ನು ಮುಟ್ಟಲಿಲ್ಲ. ಇವತ್ತು ಆಫೀಸಿನಿಂದ ಬಂದು 180, 400, 800ರ ಎಮರಿ ಪೇಪರಿನಲ್ಲಿ, ಒರಟಿನಿಂದ ನಯದ ಕಡೆಗೆ, ನೀರು ಹಾಕಿ ಉಜ್ಜಿದೆ. ಬೆರಳು ಸವರಿದರೆ ಬಿರುಕು ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ. ಕಣ್ಣಿಗೆ ಮಾತ್ರ ಒಂದು ಮಾಸಲು ಗೆರೆ ಕಾಣುತ್ತದೆ. ಪ್ರೈಮರ್, ಬಣ್ಣ ಈಗ ಬೇಡ. ಈ ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದರೆ ಬಣ್ಣ ಬಿಳಿಚಿಕೊಳ್ಳುತ್ತದೆ. ಒಣ ಹವೆ ಬರಲಿ.

ಹೊಸ ರಬ್ಬರ್, ಹೊಸ ಬುಷ್ ಹಾಕಿ, ಲಾಕಿಗೆ ಸೋಪಿನ ನೀರು ಸವರಿ ಕೂರಿಸಿದೆ. ಬನಶಂಕರಿವರೆಗೂ ಹೋಗಿ ಬಂದೆ. ಟಕ್ ಅನ್ನುವ ಸದ್ದು ಇಲ್ಲ. ಪ್ಯಾನೆಲಿನ ಬೆನ್ನಿನ ಫೋಟೊ ಅಣ್ಣನಿಗೆ ಶನಿವಾರವೇ ಕಳಿಸಿದ್ದೆ. ಈಗ ಫೋನ್ ಮಾಡಿದ. "ಬಲಗಡೆದೂ ಬಿಚ್ಚಿ ನೋಡಿದ್ಯಾ?" ಅಂತ ಕೇಳಿದ.

ಬಿಚ್ಚಿ ನೋಡಿದೆ. ಅಲ್ಲೂ ಬುಷ್ ಇರಲಿಲ್ಲ. ತೂತಿನ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು, ಇನ್ನೂ ಒಂದು ಅಂಗುಲವೂ ಇಲ್ಲ. ನಾಳೆ ಸಂಜೆ ಮೊದಲು ಅದರ ತುದಿಗೆ ತೂತು ಹೊಡೆಯಬೇಕು. ಜರಡಿಯ ಬಲೆ ಇನ್ನೂ ಅರ್ಧ ಉಳಿದಿದೆ.